ಹಿಟ್ಟು ಸಿಡಿಯುವುದೇಕೆ? ಪುಡಿಯಾದಷ್ಟೂ ಕ್ರಿಯೆ ಚುರುಕಾಗುವ ಲೆಕ್ಕ

2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಮಂದಿ ಸತ್ತರು. ಮೊದಲು ರಿಯಾಕ್ಟರ್ ಸಿಡಿಯಿತೆಂದೇ ಸುದ್ದಿ ಹರಡಿತು. ಆಮೇಲೆ ಮಾತು ಪುಡಿ ಒಣಗಿಸುವ ಡ್ರೈಯರ್ ಮತ್ತು ಧೂಳಿನ ಕಡೆಗೆ ತಿರುಗಿತು. ಅಲ್ಲಿ ತಯಾರಾಗುತ್ತಿದ್ದದ್ದು ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್. ಮರದ ತಿರುಳಿನಿಂದ ತೆಗೆಯುವ ಬಿಳಿ ಪುಡಿ ಅದು. ಮಾತ್ರೆಗಳಿಗೆ ಗಾತ್ರ ಮತ್ತು ಗಟ್ಟಿತನ ಬರಲಿ ಎಂದು ಔಷಧದ ಜೊತೆ ಬೆರೆಸುತ್ತಾರೆ. ಮಾತ್ರೆ ನುಂಗಿದವರೆಲ್ಲ ಇದನ್ನೂ ನುಂಗಿರುವ ಸಾಧ್ಯತೆಯೇ ಹೆಚ್ಚು.

ತಿನ್ನುವ ವಸ್ತು ಸಿಡಿಯುವುದು ಹೇಗೆ ಎಂಬ ಪ್ರಶ್ನೆ ಆಗ ಹಲವರಲ್ಲಿ ಎದ್ದಿತು. ಉತ್ತರ ಪ್ರೌಢಶಾಲೆಯ ವಿಜ್ಞಾನ ಪುಸ್ತಕದ ಒಂದು ಸಾಲಿನಲ್ಲೇ ಇದೆ: ಘನವಸ್ತುವಿನ ಮೇಲ್ಮೈ ವಿಸ್ತೀರ್ಣ ಹೆಚ್ಚಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಸಾಲು. ಅದರೊಳಗಿನ ಲೆಕ್ಕವನ್ನು ಬಿಡಿಸಿ ನೋಡಿದರೆ ಸಕ್ಕರೆ, ಮೈದಾ, ಅಲ್ಯೂಮಿನಿಯಂ, ಸಿಮೆಂಟ್, ಕಡೆಗೆ ಮಾತ್ರೆಯ ಚೀಟಿಯ ಮೇಲಿನ ಎರಡು ಅಕ್ಷರಗಳವರೆಗೂ ಅರ್ಥವಾಗುತ್ತದೆ.

ಮೊದಲು ಎರಡು ಪದ

ಕ್ರಿಯೆಯ ವೇಗ ಎಂದರೆ ಒಂದು ಸೆಕೆಂಡಿನಲ್ಲೋ ನಿಮಿಷದಲ್ಲೋ ಎಷ್ಟು ವಸ್ತು ಬೇರೆ ವಸ್ತುವಾಗಿ ಬದಲಾಯಿತು ಎಂಬುದು. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಿಧಾನದ ಕ್ರಿಯೆ, ಕಾಗದ ಉರಿಯುವುದು ಬೇಗನೆಯ ಕ್ರಿಯೆ. ಎರಡರಲ್ಲೂ ವಸ್ತು ಕೂಡಿಕೊಳ್ಳುವುದು ಆಮ್ಲಜನಕದ ಜೊತೆಗೇ.

ಮೇಲ್ಮೈ ವಿಸ್ತೀರ್ಣ ಎಂದರೆ ಒಂದು ವಸ್ತುವಿನ ಹೊರಮೈಯನ್ನೆಲ್ಲ ಬಿಡಿಸಿ ಹಾಸಿದರೆ ಎಷ್ಟು ಜಾಗ ಆದೀತು ಎಂಬ ಅಳತೆ. ತೂಕಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಒಂದು ಕಿಲೋ ಕಲ್ಲುಸಕ್ಕರೆಯನ್ನು ಕುಟ್ಟಿದರೂ ತೂಕ ಒಂದೇ ಕಿಲೋ, ಹೊರಮೈ ಮಾತ್ರ ಬೆಳೆಯುತ್ತಾ ಹೋಗುತ್ತದೆ.

ಎಷ್ಟು ಬೆಳೆಯುತ್ತದೆ ಎಂಬುದನ್ನು ಒಂದು ಘನದಿಂದ ಲೆಕ್ಕ ಹಾಕಬಹುದು. ಪ್ರತಿ ಬದಿಯೂ 1 ಸೆಂ.ಮೀ. ಇರುವ ಘನಕ್ಕೆ ಆರು ಮುಖ, ಒಟ್ಟು ಹೊರಮೈ 6 ಚದರ ಸೆಂ.ಮೀ. ಅದನ್ನು 1 ಮಿ.ಮೀ. ಬದಿಯ ಚೂರುಗಳಾಗಿ ಕತ್ತರಿಸಿದರೆ 1000 ಚೂರು, ಹೊರಮೈ 60 ಚದರ ಸೆಂ.ಮೀ. ಬದಿ 0.1 ಮಿ.ಮೀ.ಗೆ ಇಳಿದರೆ 10 ಲಕ್ಷ ಚೂರು, 600 ಚದರ ಸೆಂ.ಮೀ. ಇನ್ನೊಂದು ಹೆಜ್ಜೆ ಇಳಿದು 0.01 ಮಿ.ಮೀ., ಅಂದರೆ 10 ಮೈಕ್ರಾನ್‌ಗೆ ಬಂದರೆ 100 ಕೋಟಿ ಚೂರು, 6000 ಚದರ ಸೆಂ.ಮೀ. ಬದಿ ಹತ್ತು ಪಟ್ಟು ಕುಗ್ಗಿದಾಗಲೆಲ್ಲ ಹೊರಮೈ ಹತ್ತು ಪಟ್ಟು ಹಿಗ್ಗುತ್ತದೆ. ದುಂಡಗಿನ ಕಣಗಳಿಗೂ ಇದೇ ಸೂತ್ರ.

ಸಕ್ಕರೆಗೆ ಇದನ್ನು ಅನ್ವಯಿಸಿ. ಹರಳು ಸುಮಾರು 0.6 ಮಿ.ಮೀ. ಇದೆ ಎಂದಿಟ್ಟುಕೊಂಡರೆ ಒಂದು ಕಿಲೋ ಸಕ್ಕರೆಯ ಒಟ್ಟು ಹೊರಮೈ ಸುಮಾರು 6.3 ಚದರ ಮೀಟರ್, ಅಂದರೆ 68 ಚದರಡಿ. ಬಚ್ಚಲುಮನೆಯಷ್ಟು. ಅದೇ ಕಿಲೋವನ್ನು 30 ಮೈಕ್ರಾನ್ ಪುಡಿ ಮಾಡಿದರೆ 126 ಚದರ ಮೀಟರ್, ಸುಮಾರು 1350 ಚದರಡಿ. ಒಂದು 30x40 ಸೈಟನ್ನು ಪೂರ್ತಿ ಮುಚ್ಚಿ ಮೇಲೆ ಉಳಿಯುತ್ತದೆ.

ಹೊರಮೈ ಏಕೆ ಮುಖ್ಯ

ಕ್ರಿಯೆ ನಡೆಯಬೇಕಾದರೆ ಎರಡು ವಸ್ತುಗಳ ಅಣುಗಳು ಒಂದಕ್ಕೊಂದು ತಾಗಬೇಕು, ಅದೂ ಸಾಕಷ್ಟು ಬಿರುಸಿನಿಂದ. ಎರಡೂ ಅನಿಲವಾಗಿದ್ದರೆ, ಅಥವಾ ಎರಡೂ ನೀರಿನಲ್ಲಿ ಕರಗಿದ್ದರೆ ತಾಪತ್ರಯವಿಲ್ಲ, ಎಲ್ಲ ಅಣುಗಳೂ ಎಲ್ಲೆಡೆ ಓಡಾಡಿಕೊಂಡಿರುತ್ತವೆ. ಒಂದು ಘನವಾಗಿದ್ದು ಇನ್ನೊಂದು ಅನಿಲವೋ ದ್ರವವೋ ಆಗಿದ್ದರೆ ಮಾತ್ರ ತೊಡಕು. ಘನದ ಒಳಗಿನ ಅಣುಗಳಿಗೆ ಆಮ್ಲಜನಕವಾಗಲಿ ಆಮ್ಲವಾಗಲಿ ಎಟುಕುವುದಿಲ್ಲ. ಹೊರಪದರ ಕರಗಿಯೋ ಉರಿದೋ ಹೋಗುವ ತನಕ ಒಳಗಿನವು ಕಾಯಬೇಕು. ಪ್ರತಿ ಚದರ ಸೆಂಟಿಮೀಟರಿನಲ್ಲಿ ಕ್ರಿಯೆ ನಡೆಯುವ ವೇಗ ಹೆಚ್ಚುಕಡಿಮೆ ಅಷ್ಟೇ ಇದ್ದರೂ, ಅಂಥ ಚದರ ಸೆಂಟಿಮೀಟರುಗಳ ಸಂಖ್ಯೆ ಹೆಚ್ಚಿದಂತೆ ಒಟ್ಟು ವೇಗ ಹೆಚ್ಚುತ್ತದೆ.

ಉರಿಯುವ ವಸ್ತುಗಳಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಕಣ ಹೊತ್ತಿಕೊಳ್ಳಬೇಕಾದರೆ ಅದು ಮೊದಲು ಬಿಸಿಯಾಗಬೇಕು. ಶಾಖ ಒಳಬರುವುದು ಹೊರಮೈಯಿಂದ, ಅದನ್ನು ಹೀರುವುದು ಒಳಗಿನ ಗಾತ್ರ. ಕಣದ ಅಗಲ ಅರ್ಧಕ್ಕಿಳಿದರೆ ನಡುವಿನ ತನಕ ಶಾಖ ತಲುಪಲು ಹಿಡಿಯುವ ಸಮಯ ಸರಿಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ದಪ್ಪ ಕೊರಡಿಗೆ ಬೆಂಕಿಕಡ್ಡಿ ಹಿಡಿದರೆ ಮಸಿಯಷ್ಟೇ ಹಿಡಿಯುತ್ತದೆ, ಅದೇ ಕೊರಡಿನ ಸಿಬಿರಿಗೆ ಹಿಡಿದರೆ ತಕ್ಷಣ ಹೊತ್ತಿಕೊಳ್ಳುತ್ತದೆ. ಒಲೆ ಹಚ್ಚಿ ಗೊತ್ತಿರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಒಂದು ತಪ್ಪು ತಿಳಿವಳಿಕೆ ಇಲ್ಲಿ ಬಹಳ ಸಾಮಾನ್ಯ. ಪುಡಿ ಮಾಡಿದರೆ ಹೆಚ್ಚು ಶಾಖ ಅಥವಾ ಹೆಚ್ಚು ಅನಿಲ ಬರುತ್ತದೆ ಎಂದುಕೊಳ್ಳುವುದು. ಹಾಗಿಲ್ಲ. 10 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲಾಗಿರಲಿ ಪುಡಿಯಾಗಿರಲಿ, ಸಾಕಷ್ಟು ಆಮ್ಲದಲ್ಲಿ ಪೂರ್ತಿ ಕರಗಿದರೆ ಬಿಡುವ ಕಾರ್ಬನ್ ಡೈಆಕ್ಸೈಡ್ 4.4 ಗ್ರಾಂ, ಕೋಣೆಯ ಉಷ್ಣತೆಯಲ್ಲಿ ಸುಮಾರು 2.4 ಲೀಟರ್. ಬೇರೆಯಾಗುವುದು ಸಮಯವೊಂದೇ. ಸಕ್ಕರೆಯ ಒಂದು ಗ್ರಾಂನಲ್ಲಿರುವುದು ಸುಮಾರು 4 ಕಿಲೋಕ್ಯಾಲೊರಿ, ಬಿಸ್ಕತ್ ಪೊಟ್ಟಣದ ಮೇಲೆ ಬರೆಯುವುದೂ ಇದೇ ಲೆಕ್ಕ. ದೇಹದಲ್ಲಿ ಅದು ಗಂಟೆಗಟ್ಟಲೆ ಹಂಚಿಕೊಂಡು ಖರ್ಚಾಗುತ್ತದೆ. ಗಾಳಿಯಲ್ಲಿ ತೇಲುವ ಪುಡಿಯಾಗಿದ್ದರೆ ಸೆಕೆಂಡಿನ ಒಂದು ಚೂರಿನಲ್ಲಿ ಹೊರಬೀಳುತ್ತದೆ. ಸ್ಫೋಟವೆಂದರೆ ಇಷ್ಟೇ: ಅಷ್ಟೇ ಶಾಖ, ತೀರಾ ಕಡಿಮೆ ಸಮಯ.

ಮೊಟ್ಟೆಚಿಪ್ಪು ಮತ್ತು ವಿನಿಗರ್: ನೋಡುವ ಬಗೆ, ಕೆಡುವ ಬಗೆ

ಬೆಂಕಿಯಿಲ್ಲದೆ ಇದನ್ನು ಕಣ್ಣಾರೆ ಕಾಣಲು ಮೊಟ್ಟೆಚಿಪ್ಪು ಸಾಕು. ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಚಿಪ್ಪನ್ನು ತೊಳೆದು, ಒಳಗಿನ ತೆಳು ಪೊರೆಯನ್ನು ಬಿಡಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ತಲಾ 2 ಗ್ರಾಂನ ಎರಡು ಪಾಲು ಮಾಡಿ. ಒಂದನ್ನು ಉಗುರಿನಷ್ಟು ಅಗಲದ ಚೂರುಗಳಾಗಿ ಮುರಿಯಿರಿ. ಇನ್ನೊಂದನ್ನು ಮಿಕ್ಸಿಯ ಸಣ್ಣ ಜಾರಿನಲ್ಲಿ ನುಣ್ಣಗೆ ಪುಡಿ ಮಾಡಿ ಚಹಾ ಜಾಲರಿಯಲ್ಲಿ ಸೋಸಿ. ಎರಡು 500 ಮಿ.ಲೀ. ಬಾಟಲಿಗಳಿಗೆ ತಲಾ 100 ಮಿ.ಲೀ. ವಿನಿಗರ್ ಸುರಿಯಿರಿ. ಅಂಗಡಿಯಲ್ಲಿ ಸಿಗುವ 4 ಶೇಕಡಾ ವಿನಿಗರ್ ಆದರೆ 2 ಗ್ರಾಂ ಚಿಪ್ಪಿಗೆ 60 ಮಿ.ಲೀ. ಲೆಕ್ಕಕ್ಕೆ ಸಾಕು, 100 ಹಾಕುವುದು ಆಮ್ಲ ಕೊರತೆಯಾಗದಿರಲಿ ಎಂದು. ಚಿಪ್ಪನ್ನು ಎರಡು ಬಲೂನುಗಳೊಳಗೆ ತುಂಬಿ, ಬಲೂನಿನ ಬಾಯನ್ನು ಬಾಟಲಿಯ ಕುತ್ತಿಗೆಗೆ ಸಿಕ್ಕಿಸಿ, ಎರಡನ್ನೂ ಒಂದೇ ಹೊತ್ತಿಗೆ ಎತ್ತಿ ಸುರಿಯಿರಿ. ಬಾಟಲಿಗೆ ಮುಚ್ಚಳ ಹಾಕಿ ಬಿಗಿಯಬೇಡಿ, ಅನಿಲದ ಒತ್ತಡ ಹೆಚ್ಚಿ ಸಿಡಿಯಬಹುದು.

ಪುಡಿ ಬಿದ್ದ ಬಾಟಲಿಯಲ್ಲಿ ನೊರೆ ಎದ್ದು ಬಲೂನು ಬೇಗ ಉಬ್ಬುತ್ತದೆ. ಚೂರುಗಳ ಬಾಟಲಿಯಲ್ಲಿ ಒಂದೊಂದು ಚೂರಿನ ಮೈಮೇಲೂ ಸಾಲುಸಾಲು ಗುಳ್ಳೆ ಹತ್ತಿಕೊಂಡು, ಗುಳ್ಳೆ ದೊಡ್ಡದಾದಾಗ ಚೂರು ಮೇಲೆದ್ದು, ಗುಳ್ಳೆ ಒಡೆದಾಗ ಮತ್ತೆ ಮುಳುಗುತ್ತದೆ. ಗಮನಿಸಿ ನೋಡಿದರೆ ಗುಳ್ಳೆ ಹುಟ್ಟುವುದು ಮೈಮೇಲೆ ಮಾತ್ರ, ದ್ರವದ ನಡುವೆ ಒಂದೂ ಹುಟ್ಟುವುದಿಲ್ಲ. ಇಡೀ ಪಾಠ ಆ ಒಂದು ನೋಟದಲ್ಲಿದೆ. ಚೂರಿನ ಬಾಟಲಿಯನ್ನು ಮರುದಿನದವರೆಗೆ ಬಿಟ್ಟರೆ ಅದರ ಬಲೂನೂ ಹೆಚ್ಚುಕಡಿಮೆ ಅಷ್ಟಕ್ಕೇ ಬರಬೇಕು. ಲೆಕ್ಕದ ಪ್ರಕಾರ ಅರ್ಧ ಲೀಟರಿಗೆ ತುಸು ಕಡಿಮೆ ಅನಿಲ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಾಲು ದ್ರವದಲ್ಲೇ ಕರಗಿ ಉಳಿಯುತ್ತದೆ, ಒಂದಿಷ್ಟು ರಾತ್ರಿಯಿಡೀ ಬಲೂನಿನ ರಬ್ಬರಿನ ಮೂಲಕ ಸೋರಿಯೂ ಹೋಗುತ್ತದೆ.

ಕೆಡುವುದು ಹೀಗೆ. ಶಾಲೆಯ ಸೀಮೆಸುಣ್ಣ ಬಳಸಿದರೆ ಅನೇಕ ವೇಳೆ ಒಂದು ಗುಳ್ಳೆಯೂ ಬರುವುದಿಲ್ಲ. ನಮ್ಮಲ್ಲಿ ಅದನ್ನು ಹೆಚ್ಚಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಚ್ಚು ಹಾಕುತ್ತಾರೆ, ಅದು ಕ್ಯಾಲ್ಸಿಯಂ ಸಲ್ಫೇಟ್, ಕಾರ್ಬೊನೇಟ್ ಅಲ್ಲ. ಪೊರೆ ಬಿಡಿಸದಿದ್ದರೆ ಚೂರಿನ ಒಂದು ಮೈ ಮುಚ್ಚಿಯೇ ಇರುತ್ತದೆ, ಹೋಲಿಕೆ ಸರಿಬರುವುದಿಲ್ಲ. ಪುಡಿ ತೇವವಾಗಿದ್ದರೆ ಬಲೂನಿನ ಕುತ್ತಿಗೆಯಲ್ಲೇ ಅಂಟಿ ಕೂರುತ್ತದೆ. ಪುಡಿ ಒಂದೇ ಮುದ್ದೆಯಾಗಿ ಬಿದ್ದರೆ ಹೊರಗಿನದು ಮಾತ್ರ ಕರಗುತ್ತದೆ, ಆಗ ಒಮ್ಮೆ ಮೆಲ್ಲಗೆ ಅಲ್ಲಾಡಿಸಬೇಕು, ಅಲ್ಲಾಡಿಸಿದರೆ ಎರಡನ್ನೂ ಅಲ್ಲಾಡಿಸಬೇಕು. ಫ್ರಿಜ್‌ನಿಂದ ತೆಗೆದ ವಿನಿಗರ್ ಒಂದಕ್ಕೆ, ಹೊರಗಿದ್ದದ್ದು ಇನ್ನೊಂದಕ್ಕೆ ಹಾಕಿದರಂತೂ ಅಳೆದದ್ದು ಉಷ್ಣತೆಯ ಪರಿಣಾಮವೋ ಮೇಲ್ಮೈಯ ಪರಿಣಾಮವೋ ತಿಳಿಯುವುದಿಲ್ಲ. ಬಚ್ಚಲು ತೊಳೆಯುವ ಆಮ್ಲದಲ್ಲಿ ಇದನ್ನು ಮಾಡಲು ಹೋಗಬೇಡಿ, ನೊರೆ ಉಕ್ಕಿ ಕೈಮೇಲೆ ಬರುತ್ತದೆ.

ಗುಡ್ಡೆ ಹೊತ್ತದು, ಧೂಳು ಹೊತ್ತುತ್ತದೆ

ಈಗ ಮೂಲ ಪ್ರಶ್ನೆಗೆ. ಪುಡಿಯ ಹೊರಮೈ ಅಷ್ಟೊಂದಿದ್ದರೆ ಅಡುಗೆಮನೆಯ ಮೈದಾ ಡಬ್ಬಿ ಏಕೆ ಸಿಡಿಯುವುದಿಲ್ಲ? ಗುಡ್ಡೆಯಾಗಿ ಬಿದ್ದಿರುವ ಹಿಟ್ಟಿನ ಹೊರಮೈ ಇದ್ದೂ ಇಲ್ಲದ ಹಾಗೆ. ಕಣಕ್ಕೆ ಕಣ ಒತ್ತಿ ಕೂತಿರುತ್ತದೆ, ಸಂದಿಯಲ್ಲಿರುವ ಗಾಳಿ ತೀರಾ ಕಡಿಮೆ. ಬೆಂಕಿ ಸೋಕುವುದು ಮೇಲಿನ ಪದರಕ್ಕೆ ಮಾತ್ರ, ಅದೂ ಕರಿಕಾಗಿ ನಂದಿಹೋಗುತ್ತದೆ. ಅದೇ ಹಿಟ್ಟು ಗಾಳಿಯಲ್ಲಿ ಹರಡಿ ತೇಲಿದಾಗ ಪ್ರತಿಯೊಂದು ಕಣದ ಸುತ್ತಲೂ ಅದಕ್ಕೆ ಬೇಕಾದ ಆಮ್ಲಜನಕ ಸಿಗುತ್ತದೆ. ಪಕ್ಕದ ಕಣ ಹೊತ್ತಿದ ಶಾಖ ಮುಂದಿನದನ್ನು ಹೊತ್ತಿಸುತ್ತದೆ. ಕಾಗದದ ಮೇಲಿನ ಲೆಕ್ಕದ ಮೇಲ್ಮೈ ನಿಜವಾದ ಮೇಲ್ಮೈಯಾಗುವುದು ಆಗಲೇ.

ಸಿಡಿಯಲು ಐದು ಕೂಡಬೇಕು: ಉರಿಯುವ ನುಣುಪು ಪುಡಿ, ಗಾಳಿ, ಪುಡಿ ಗಾಳಿಯಲ್ಲಿ ಹರಡಿರುವುದು, ಕಿಡಿ ಅಥವಾ ಕಾದ ಮೈ, ಮುಚ್ಚಿದ ಜಾಗ. ಕಣ ಸುಮಾರು ಅರ್ಧ ಮಿ.ಮೀ.ಗಿಂತ ಸಣ್ಣದಿದ್ದರೆ ಅಪಾಯದ ಪಟ್ಟಿಗೆ ಸೇರುತ್ತದೆ. ಹರಳು ಸಕ್ಕರೆ ಹೊರಗುಳಿಯುವುದೂ, ಆ ಹರಳುಗಳು ಉಜ್ಜಿಕೊಂಡು ಉದುರುವ ಪುಡಿ ಒಳಬರುವುದೂ ಇದರಿಂದಲೇ.

ಧೂಳು ತೀರಾ ತೆಳುವಾಗಿದ್ದರೆ ಕಣದಿಂದ ಕಣಕ್ಕೆ ಶಾಖ ದಾಟುವುದಿಲ್ಲ. ಹಿಟ್ಟು, ಸಕ್ಕರೆಯಂಥವುಗಳಿಗೆ ಒಂದು ಘನ ಮೀಟರ್ ಗಾಳಿಯಲ್ಲಿ ಕೆಲವು ಹತ್ತು ಗ್ರಾಂ ಇದ್ದರೆ ಕೆಳಮಿತಿ ದಾಟಿದಂತೆ. ಒಂದು ಘನ ಮೀಟರ್ ಗಾಳಿಯಲ್ಲಿರುವ ಆಮ್ಲಜನಕ ಸುಮಾರು 275 ಗ್ರಾಂ, ಅದು ಪೂರ್ತಿ ಖರ್ಚಾಗಲು ಸುಮಾರು 245 ಗ್ರಾಂ ಸಕ್ಕರೆ ಬೇಕು. ಮುಚ್ಚಿದ ಪಾತ್ರೆಯಲ್ಲಿ ಹೀಗೆ ಉರಿದರೆ ಒತ್ತಡ 8 ಬಾರ್ ಆಸುಪಾಸಿಗೆ ಏರುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಇಟ್ಟಿಗೆ ಗೋಡೆ ಕೆಡವಲು ಒಂದು ಬಾರ್‌ನ ಸಣ್ಣ ಪಾಲೇ ಸಾಕು.

ಕೆಳಮಿತಿಯ ಧೂಳು ಎಂದರೆ ಕೆಲವೇ ಅಡಿ ಆಚೆಗಿನ ಬಲ್ಬು ಕಾಣದಷ್ಟು ದಟ್ಟ. ಅಂಥ ಗಾಳಿಯಲ್ಲಿ ಯಾರೂ ನಿಂತು ಕೆಲಸ ಮಾಡಲಾರರು. ಬೀದಿಯ ಹಿಟ್ಟಿನ ಗಿರಣಿಯಲ್ಲಿ ಮೈಯೆಲ್ಲ ಬೆಳ್ಳಗಾದರೂ ಗಾಳಿಯಲ್ಲಿರುವ ಹಿಟ್ಟು ಈ ಮಿತಿಯ ಹತ್ತಿರವೂ ಇರುವುದಿಲ್ಲ, ಬಾಗಿಲೂ ತೆರೆದೇ ಇರುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಆ ದಟ್ಟಣೆ ಇರುವುದು ಯಂತ್ರಗಳ ಒಳಗೆ: ಪುಡಿಯನ್ನು ಮೇಲೆತ್ತುವ ಎಲಿವೇಟರ್, ಗಾಳಿಯನ್ನು ಸುತ್ತಿಸಿ ಪುಡಿ ಬೇರ್ಪಡಿಸುವ ಸೈಕ್ಲೋನ್, ಡ್ರೈಯರ್, ಧೂಳು ಹಿಡಿಯುವ ಚೀಲಗಳ ಗೂಡು.

ಒಂದು ಮಿಲಿಮೀಟರ್ ಧೂಳು

ಯಂತ್ರದೊಳಗಿನ ಮೊದಲ ಸಿಡಿತ ಹಲವು ಸಲ ಚಿಕ್ಕದು. ಜೀವ ತೆಗೆಯುವುದು ಎರಡನೆಯದು. ಮೊದಲ ಸಿಡಿತದ ಗಾಳಿಯ ಹೊಡೆತಕ್ಕೆ ತೊಲೆ, ಪೈಪು, ದೀಪದ ಮೇಲ್ಭಾಗ, ಕೇಬಲ್ ತಟ್ಟೆಗಳ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಧೂಳೆಲ್ಲ ಒಮ್ಮೆಲೇ ಮೇಲೇಳುತ್ತದೆ, ಹಿಂದೆಯೇ ಬೆಂಕಿ ಬರುತ್ತದೆ.

ಎಷ್ಟು ಧೂಳಿದ್ದರೆ ಹೀಗಾದೀತು? 5 ಮೀಟರ್ ಎತ್ತರದ ಕೋಣೆಯ ನೆಲದ ಮೇಲೆ 1 ಮಿ.ಮೀ. ದಪ್ಪಕ್ಕೆ ಧೂಳು ಕೂತಿದೆ ಎನ್ನಿ. ಸಡಿಲವಾಗಿ ಕೂತ ಧೂಳು ಘನ ಮೀಟರಿಗೆ 500 ಕಿಲೋ ತೂಗಿದರೆ, ಪ್ರತಿ ಚದರ ಮೀಟರ್ ನೆಲದ ಮೇಲೆ 500 ಗ್ರಾಂ ಆಯಿತು. ಅದು 5 ಮೀಟರ್ ಎತ್ತರಕ್ಕೆ ಹರಡಿದರೆ ಘನ ಮೀಟರಿಗೆ 100 ಗ್ರಾಂ. ಕೆಳಮಿತಿಯನ್ನು ದಾಟಿಯಾಯಿತು. ಬೆರಳಿನಲ್ಲಿ ಹೆಸರು ಬರೆಯಬಹುದಾದಷ್ಟು ಧೂಳು ಇಡೀ ಕೋಣೆಯನ್ನು ಸಿಡಿಯುವ ಪಾತ್ರೆಯಾಗಿಸಲು ಸಾಕು. ಅಮೆರಿಕದ ಅಗ್ನಿ ಸುರಕ್ಷತಾ ಮಾನದಂಡಗಳು ಎಚ್ಚರಿಕೆಯ ಗೆರೆಯಾಗಿ ಹಿಡಿದಿರುವುದು ಒಂದು ಇಂಚಿನ 32ನೇ ಒಂದು ಭಾಗವನ್ನು, ಅಂದರೆ ಸುಮಾರು 0.8 ಮಿ.ಮೀ.

2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಇಂಪೀರಿಯಲ್ ಶುಗರ್ ಸಂಸ್ಥೆಯ ಕಾರ್ಖಾನೆಯಲ್ಲಿ ನಡೆದದ್ದು ಇದರ ಪಾಠಪುಸ್ತಕದಂಥ ಉದಾಹರಣೆ. ಸಕ್ಕರೆ ತುಂಬಿಡುವ ಎತ್ತರದ ಕಣಜಗಳಾದ ಸಿಲೋಗಳ ಕೆಳಗಿನ ಸುರಂಗದಲ್ಲಿ ಸಕ್ಕರೆ ಸಾಗಿಸುವ ಉಕ್ಕಿನ ಕನ್ವೇಯರ್ ಇತ್ತು. ಸಕ್ಕರೆಗೆ ಕಸ ಬೀಳದಿರಲಿ ಎಂದು 2007ರಲ್ಲಿ ಅದಕ್ಕೆ ಸುತ್ತಲೂ ತಗಡು ಹೊದಿಸಿದರು. ಮೊದಲು ಧೂಳು ಇಡೀ ಸುರಂಗದ ಗಾಳಿಯಲ್ಲಿ ಹರಡಿ ತೆಳುವಾಗುತ್ತಿತ್ತು. ಹೊದಿಕೆ ಬಂದ ಮೇಲೆ ಚಿಕ್ಕ ಜಾಗದಲ್ಲಿ ದಟ್ಟೈಸಿತು. ತನಿಖಾ ಮಂಡಳಿಯ ಪ್ರಕಾರ ಬಹುಶಃ ಕಾದ ಬೇರಿಂಗ್ ಒಂದು ಅದನ್ನು ಹೊತ್ತಿಸಿತು. ಅಲ್ಲಿಂದ ಹೊರಟ ಅಲೆ ಪ್ಯಾಕಿಂಗ್ ಕಟ್ಟಡದ ಮಹಡಿಗಳಲ್ಲಿ ಕೂತಿದ್ದ ಧೂಳನ್ನು ಎಬ್ಬಿಸುತ್ತಾ ಸಿಡಿಯುತ್ತಾ ಸಾಗಿತು. 14 ಮಂದಿ ಸತ್ತರು. ಶುಚಿತ್ವಕ್ಕೆಂದು ಮಾಡಿದ ಬದಲಾವಣೆಯೇ ಮುಚ್ಚಿದ ಜಾಗವನ್ನೂ ದಟ್ಟಣೆಯನ್ನೂ ಒಟ್ಟಿಗೆ ತಂದುಕೊಟ್ಟಿತು. ಸಕ್ಕರೆ ಕಾರ್ಖಾನೆಗಳು ತುಂಬಿರುವ ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳಲ್ಲಿ ಡ್ರೈಯರ್, ಗ್ರೇಡರ್, ಎಲಿವೇಟರ್‌ಗಳ ಮೇಲುಸ್ತುವಾರಿ ಮಾಡುವವರು ಓದಿಕೊಳ್ಳಬೇಕಾದ ಪ್ರಕರಣ ಇದು.

ಬಯಲಿನಲ್ಲಿ ಬಣ್ಣದ ಪುಡಿ

ಜಾಗ ಮುಚ್ಚಿಲ್ಲದಿದ್ದರೆ ಒತ್ತಡ ಏರುವುದಿಲ್ಲ, ಗೋಡೆ ಬೀಳುವುದಿಲ್ಲ. ಆದರೆ ಬೆಂಕಿ ಅಷ್ಟೇ ವೇಗವಾಗಿ ಹರಡುತ್ತದೆ. 2015ರ ಜೂನ್ 27ರಂದು ತೈವಾನಿನ ಫಾರ್ಮೋಸಾ ಫನ್ ಕೋಸ್ಟ್ ಜಲೋದ್ಯಾನದ ಸಂಗೀತ ಕಾರ್ಯಕ್ರಮದಲ್ಲಿ ಜನರ ಮೇಲೆ ಊದಿದ ಬಣ್ಣದ ಪುಡಿ ಹೊತ್ತಿಕೊಂಡಿತು. ಪುಡಿ ಮೆಕ್ಕೆಜೋಳದ ಪಿಷ್ಟದ್ದು. 15 ಮಂದಿ ಸತ್ತರು, ನೂರಾರು ಮಂದಿಗೆ ಸುಟ್ಟಗಾಯಗಳಾದವು. ನೆಲದ ಮೇಲೆ ಬಿದ್ದಿದ್ದ ಪುಡಿ ಕುಣಿಯುವ ಕಾಲುಗಳಿಂದ ಮತ್ತೆ ಎದ್ದದ್ದರಿಂದ ಅನೇಕರಿಗೆ ಕಾಲು ಹೆಚ್ಚು ಸುಟ್ಟಿತು.

ಹೋಳಿ, ಮೆರವಣಿಗೆ, ಡಿಜೆ ಕಾರ್ಯಕ್ರಮಗಳಲ್ಲಿ ಬಳಸುವ ಬಣ್ಣದಲ್ಲೂ ಪಿಷ್ಟ ಇರುವುದುಂಟು. ಕೈಯಲ್ಲಿ ಎರಚುವುದಕ್ಕೂ ಬ್ಲೋವರ್ ಇಟ್ಟು ಮೋಡದಂತೆ ಊದುವುದಕ್ಕೂ ವ್ಯತ್ಯಾಸ ದೊಡ್ಡದು. ಊದುವ ಕಡೆ ಪಟಾಕಿ, ಬಿಸಿ ದೀಪ, ಬೀಡಿ ಸಿಗರೇಟು, ಕಿಡಿ ಹಾರಿಸುವ ಯಂತ್ರ ಇರಕೂಡದು. ಪೊಟ್ಟಣದ ಮೇಲೆ ಸಾವಯವ ಎಂದು ಬರೆದಿದ್ದರೆ ಚರ್ಮಕ್ಕೆ ಒಳ್ಳೆಯದಿರಬಹುದು, ಉರಿಯುವ ಗುಣಕ್ಕೆ ಅದರಿಂದ ಏನೂ ಬದಲಾಗದು.

ಉರಿಯದ ಪಾತ್ರೆ, ಉರಿಯುವ ಪುಡಿ

ಅಲ್ಯೂಮಿನಿಯಂ ಪಾತ್ರೆ ಒಲೆಯ ಮೇಲೆ ವರ್ಷಗಟ್ಟಲೆ ಇದ್ದರೂ ಉರಿಯದು. ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕೂತು ಒಳಗಿನ ಲೋಹವನ್ನು ಕಾಪಾಡುತ್ತದೆ, ದಪ್ಪ ಲೋಹ ಶಾಖವನ್ನು ಸರಸರನೆ ಸಾಗಿಸಿಬಿಡುತ್ತದೆ. ಪಾಲಿಶ್ ಚಕ್ರದಿಂದ ಉದುರುವ ಪುಡಿಗೆ ಶಾಖ ಸಾಗಿಸಲು ಮೈಯೇ ಇಲ್ಲ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಕಾರಿನ ಚಕ್ರಗಳನ್ನು ಪಾಲಿಶ್ ಮಾಡುವ ಕಾರ್ಖಾನೆ ಸಿಡಿದು 75ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಧೂಳು ಸಂಗ್ರಹಿಸುವ ಡಬ್ಬಿಯೊಳಗೆ ತೇವ ಸೇರಿ, ಅಲ್ಯೂಮಿನಿಯಂ ಪುಡಿ ನೀರಿನೊಡನೆ ಕ್ರಿಯೆ ನಡೆಸಿ ತಾನೇ ಕಾದು ಹೊತ್ತಿತು ಎಂಬುದು ಅಲ್ಲಿನ ತನಿಖೆಯ ನಿರ್ಣಯ. ಈ ಕ್ರಿಯೆಯಲ್ಲಿ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ. ಉರಿಯುವ ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಪುಡಿಗೆ ನೀರು ಸುರಿಯಲೇಬಾರದು ಎನ್ನುವುದು ಅದಕ್ಕೇ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಒಣಪುಡಿಯ ನಂದಕ ಬೇಕು, ಅದನ್ನೂ ಧೂಳು ಏಳದಂತೆ ಮೆಲ್ಲಗೆ ಮುಚ್ಚಬೇಕು.

ತಡೆಯುವುದು ಹೇಗೆ

ಸಿಡಿಯಲು ಬೇಕಾದ ಐದರಲ್ಲಿ ಒಂದನ್ನು ಕಳಚಿದರೂ ಸ್ಫೋಟವಿಲ್ಲ. ಗಾಳಿಯನ್ನು ತೆಗೆಯಲು ಯಂತ್ರದೊಳಗೆ ಸಾರಜನಕ ತುಂಬುತ್ತಾರೆ. ಕಿಡಿ ತಪ್ಪಿಸಲು ಪೈಪು, ಬಕೆಟ್, ಚೀಲಗಳಿಗೆಲ್ಲ ಅರ್ಥಿಂಗ್ ಕೊಡುತ್ತಾರೆ, ಬೇರಿಂಗ್‌ಗಳ ಬಿಸಿ ಅಳೆಯುತ್ತಾರೆ, ಧಾನ್ಯದ ಜೊತೆ ಬರುವ ಮೊಳೆ, ಬೋಲ್ಟು ಹಿಡಿಯಲು ಆಯಸ್ಕಾಂತ ಕೂರಿಸುತ್ತಾರೆ. ಒತ್ತಡ ಏರಿದರೂ ಹೊರಹೋಗಲಿ ಎಂದು ಡ್ರೈಯರ್ ಮತ್ತು ಸಿಲೋಗಳಿಗೆ ಸುಲಭವಾಗಿ ಹರಿದು ತೆರೆದುಕೊಳ್ಳುವ ತಗಡಿನ ಬಾಗಿಲು ಇಡುತ್ತಾರೆ, ಅದು ತೆರೆಯುವ ದಿಕ್ಕಿನಲ್ಲಿ ಜನ ಓಡಾಡದಂತೆ ನೋಡಿಕೊಳ್ಳಬೇಕು.

ಇವೆಲ್ಲ ದುಡ್ಡಿನ ಕೆಲಸ. ಕಸಬರಿಕೆ ಮಟ್ಟದ ಕೆಲಸವೇ ಹೆಚ್ಚು ಕಡೆಗಣನೆಗೆ ಒಳಗಾಗುವುದು. ಎತ್ತರದ ತೊಲೆಗಳ ಮೇಲಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಿ ಬೀಳಿಸುವುದು ನಮ್ಮ ಕಾರ್ಖಾನೆಗಳಲ್ಲಿ ಸಾಮಾನ್ಯ. ಕೂತ ಧೂಳಿಗೆ ಇಲ್ಲದ ಹೊರಮೈಯನ್ನು ನಾವೇ ಕೊಟ್ಟಂತೆ ಅದು, ಯಂತ್ರಗಳು ಓಡುತ್ತಿರುವಾಗಲಂತೂ ಕೂಡದು. ಕಿಡಿ ಬಾರದ ಮೋಟರಿನ ವ್ಯಾಕ್ಯೂಮ್‌ನಿಂದ ಹೀರಬೇಕು. ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್ ಇದಕ್ಕೆ ಆಗದು, ಅದರ ಮೋಟರಿನಲ್ಲಿ ಕಿಡಿ ಹಾರುತ್ತಿರುತ್ತದೆ. ವೆಲ್ಡಿಂಗ್ ಕೆಲಸವಿದ್ದರೆ ಅದಕ್ಕೆ ಮುಂಚೆ ಸುತ್ತಲಿನ ಧೂಳು ತೆಗೆದಿರಬೇಕು.

ಸಿಮೆಂಟಿನಲ್ಲಿ ಇದೇ ಲೆಕ್ಕ

ಬೇಡದ ಕಡೆ ಸಿಡಿತವಾಗುವ ಗುಣವನ್ನೇ ಬೇಕಾದ ಕಡೆ ಅಳೆದು ಬಳಸುತ್ತಾರೆ. ಸಿಮೆಂಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ಕ್ರಿಯೆ ನಡೆಸುವುದರಿಂದ. ಆ ಕ್ರಿಯೆಯೂ ಕಣದ ಮೈಮೇಲೆ ಶುರುವಾಗಿ ಒಳಕ್ಕೆ ಸಾಗುತ್ತದೆ. ಆದ್ದರಿಂದ ಸಿಮೆಂಟಿನ ನುಣುಪನ್ನು ಒಂದು ಕಿಲೋಗೆ ಎಷ್ಟು ಚದರ ಮೀಟರ್ ಹೊರಮೈ ಎಂದೇ ಹೇಳುತ್ತಾರೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 225, ಬೇಗ ಗಟ್ಟಿಯಾಗುವ ಬಗೆಯ ಸಿಮೆಂಟಿಗೆ ಕನಿಷ್ಠ 325. ಒತ್ತಿ ತುಂಬಿದ ಸಿಮೆಂಟಿನ ಮೂಲಕ ಗಾಳಿ ಹಾಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ ಇದನ್ನು ಅಳೆಯುತ್ತಾರೆ, ಬ್ಲೇನ್ ಪರೀಕ್ಷೆ ಎಂದು ಹೆಸರು.

ಹಾಗಾದರೆ ಇನ್ನೂ ನುಣ್ಣಗೆ ಅರೆಯಬಾರದೇಕೆ? ನುಣುಪಾದಷ್ಟೂ ಮೊದಲ ದಿನಗಳಲ್ಲೇ ಶಾಖ ಹೆಚ್ಚು ಹುಟ್ಟುತ್ತದೆ. ದಪ್ಪ ಪಾಯ, ಕಂಬಗಳಲ್ಲಿ ಒಳಗೆ ಬಿಸಿ, ಹೊರಗೆ ತಂಪು ಆಗಿ ಬಿರುಕು ಬಿಡುತ್ತದೆ. ಕಾಂಕ್ರೀಟಿಗೆ ನೀರುಣಿಸಿ ಒದ್ದೆ ಮಾಡುವುದರಲ್ಲಿ ಒಂದು ದಿನ ಸೋಮಾರಿತನ ಮಾಡಿದರೂ ಪೆಟ್ಟು ಜಾಸ್ತಿ. ಚೀಲದಲ್ಲಿದ್ದಾಗಲೂ ಗಾಳಿಯ ತೇವ ಹೀರಿ ಬೇಗ ಗಂಟು ಕಟ್ಟುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯಲ್ಲಿ ಮನೆ ಕಟ್ಟಿಸುವವರು ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಜೋಡಿಸಿ, ಟಾರ್ಪಾಲು ಮುಚ್ಚಿ, ಮೊದಲು ಬಂದದ್ದನ್ನು ಮೊದಲು ಬಳಸಬೇಕು. ಬೆರಳಲ್ಲಿ ಹಿಚುಕಿದರೂ ಒಡೆಯದ ಗಂಟುಗಳಿದ್ದರೆ ಆ ಕ್ರಿಯೆ ಚೀಲದಲ್ಲೇ ಮುಗಿದಿದೆ ಎಂದರ್ಥ, ಜರಡಿ ಹಿಡಿದು ಕಂಬಕ್ಕೆ ಬಳಸುವುದು ತಪ್ಪು.

ವಾಹನಗಳ ಹೊಗೆ ಕೊಳವೆಯಲ್ಲಿದ್ದು ವಿಷಾನಿಲಗಳನ್ನು ಕಡಿಮೆ ಹಾನಿಯ ಅನಿಲಗಳಾಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇದೇ ತಂತ್ರ. ಜೇನುಗೂಡಿನಂಥ ಸೆರಾಮಿಕ್ ತುಂಡಿನ ಮೇಲೆ ರಂಧ್ರಮಯ ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಲೇಪಿಸಿ, ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳ ಅತಿಸಣ್ಣ ಕಣಗಳನ್ನು ಕೂರಿಸುತ್ತಾರೆ. ದುಬಾರಿ ಲೋಹ ಕೆಲವೇ ಗ್ರಾಂ ಸಾಕಾಗುವುದು ಅದರ ಬಹುಪಾಲು ಪರಮಾಣುಗಳು ಹೊರಮೈಯಲ್ಲೇ ಇರುವಂತೆ ಮಾಡುವುದರಿಂದ.

ಲೆಕ್ಕ ಕೈಕೊಡುವ ಕಡೆಗಳು

ಎರಡು ಪಟ್ಟು ಮೇಲ್ಮೈ ಎಂದರೆ ಎರಡು ಪಟ್ಟು ವೇಗ ಎನ್ನುವುದು ಶುರುವಿನ ಕ್ಷಣಗಳಿಗೆ ಸರಿಸುಮಾರು ಹೊಂದುತ್ತದೆ. ಕಣಗಳು ಕರಗುತ್ತಾ ಹೋದಂತೆ ಮೇಲ್ಮೈಯೂ ಕುಗ್ಗುತ್ತದೆ, ಆಮ್ಲವೂ ತೆಳುವಾಗುತ್ತದೆ.

ಕೆಲವೊಮ್ಮೆ ಕ್ರಿಯೆಯಲ್ಲಿ ಹುಟ್ಟಿದ ವಸ್ತುವೇ ಮೈಮುಚ್ಚಿ ಕೂರುತ್ತದೆ. ಅಮೃತಶಿಲೆಯ ಚೂರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಗುಳ್ಳೆ ಬರುತ್ತಲೇ ಇರುತ್ತದೆ. ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಮೊದಲು ಜೋರಾಗಿ ಬಂದು, ಸ್ವಲ್ಪ ಹೊತ್ತಿಗೆ ನಿಂತಂತಾಗುತ್ತದೆ. ಹುಟ್ಟಿದ ಕ್ಯಾಲ್ಸಿಯಂ ಸಲ್ಫೇಟ್ ಸರಿಯಾಗಿ ಕರಗದೆ ಚೂರಿನ ಮೇಲೆ ಪದರ ಕಟ್ಟುವುದು ಕಾರಣ. ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ತಯಾರಿಸಲು ಈ ಆಮ್ಲ ಬೇಡ ಎನ್ನುವುದು ಹೀಗೆ. ತೀರಾ ನುಣುಪಾದ ಪುಡಿಗಳಿಗೆ ಬೇರೆ ಕಾಟ: ಒಂದಕ್ಕೊಂದು ಅಂಟಿ ಉಂಡೆಗಟ್ಟುತ್ತವೆ, ಅರೆದ ಶ್ರಮವೆಲ್ಲ ವ್ಯರ್ಥ.

ಪುಡಿ ಮಾಡಬಾರದ ಮಾತ್ರೆ

ಹೊಟ್ಟೆಯುರಿಗೆ ಕೊಡುವ ಆಂಟಾಸಿಡ್ ಮಾತ್ರೆಗಳಲ್ಲಿ ಅಗಿದು ತಿನ್ನಿ ಎಂದು ಬರೆದಿರುವುದು ಮೇಲ್ಮೈಯ ಲೆಕ್ಕದಿಂದಲೇ. ಇಡಿಯಾಗಿ ನುಂಗಿದರೆ ಆಮ್ಲಕ್ಕೆ ಸಿಗುವುದು ಮಾತ್ರೆಯ ಹೊರಮೈ ಮಾತ್ರ, ಅಗಿದರೆ ನೂರಾರು ಚೂರುಗಳ ಹೊರಮೈ.

ಇನ್ನು ಕೆಲವನ್ನು ತಯಾರಿಸುವುದೇ ನಿಧಾನವಾಗಿ ಕರಗಲೆಂದು. ರಕ್ತದೊತ್ತಡ, ಮಧುಮೇಹ, ಮೂರ್ಛೆ, ನೋವಿನ ಹಲವು ಮಾತ್ರೆಗಳ ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಎಂಬ ಅಕ್ಷರಗಳಿರುತ್ತವೆ. 12 ಅಥವಾ 24 ಗಂಟೆಗೆ ಹಂಚಿಕೊಂಡು ಬಿಡುಗಡೆಯಾಗಬೇಕಾದ ಔಷಧ ಅದರಲ್ಲಿರುತ್ತದೆ. ವಯಸ್ಸಾದವರಿಗೆ ನುಂಗಲು ಕಷ್ಟವೆಂದು ಅದನ್ನು ಕುಟ್ಟಿ ಜೇನುತುಪ್ಪದಲ್ಲಿ ಕಲಸಿ ಕೊಟ್ಟರೆ ದಿನದ ಔಷಧವೆಲ್ಲ ಒಟ್ಟಿಗೆ ರಕ್ತಕ್ಕೆ ಇಳಿಯುತ್ತದೆ. ಒತ್ತಡ ದಿಢೀರನೆ ಕುಸಿಯಬಹುದು, ಸಂಜೆಯ ಹೊತ್ತಿಗೆ ಔಷಧವೇ ಇಲ್ಲದಂತಾಗಬಹುದು. ಕರುಳಿನಲ್ಲಿ ಕರಗಲೆಂದು ಲೇಪ ಕೊಟ್ಟ ಮಾತ್ರೆಗಳನ್ನು ಕುಟ್ಟಿದರೆ ಔಷಧ ಹೊಟ್ಟೆಯ ಆಮ್ಲದಲ್ಲಿ ಕೆಡುತ್ತದೆ ಅಥವಾ ಹೊಟ್ಟೆಯನ್ನೇ ಕೆಡಿಸುತ್ತದೆ. ನಡುವೆ ಗೆರೆ ಇರುವ ಮಾತ್ರೆಯನ್ನೂ ಕೇಳದೆ ಮುರಿಯಬಾರದು, ಮುರಿಯಬಹುದಾದ ಕೆಲವು ನಿಧಾನ ಮಾತ್ರೆಗಳನ್ನು ಸಹ ಕುಟ್ಟುವಂತಿಲ್ಲ. ನುಂಗಲು ಆಗುತ್ತಿಲ್ಲ ಎಂದಾದರೆ ಬರೆದುಕೊಟ್ಟ ವೈದ್ಯರಿಗೆ ಹೇಳಿ ಸಿರಪ್ ಅಥವಾ ಸಾದಾ ಮಾತ್ರೆಗೆ ಬದಲಿಸಿಕೊಳ್ಳಬೇಕು. ಸಾದಾ ಮಾತ್ರೆಯಾದರೆ ದಿನಕ್ಕೆ ಒಂದರ ಬದಲು ಎರಡು ಮೂರು ಹೊತ್ತು ಕೊಡಬೇಕಾಗಿ ಬರುತ್ತದೆ.